ಭರಣಿ ತಿರುಗಿಸುವ ಹೊತ್ತು

ಕೋಣೆಯ ಬಾಗಿಲು ತೆರೆದಾಗ ಶಿಫಾನಾಳ ಕಣ್ಣಿಗೆ ಮೊದಲು ಬಿದ್ದದ್ದು ಮಾಡಿನ ಹಲಗೆಗೆ ಅಂಟಿಸಿದ್ದ ಹಸಿರು ಬಾಣ. ಅದರ ತುದಿ ಪಡುವಣಕ್ಕೆ ತಿರುಗಿತ್ತು. ಕೆಳಗೆ, ಮಂಚದ ಪಕ್ಕದ ಸ್ಟೂಲಿನ ಮೇಲೆ, ನಮಾಝಿನ ಹೊಸ ಚಾಪೆಯೊಂದನ್ನು ನಾಲ್ಕು ಮಡಿಕೆ ಮಾಡಿ ಇಟ್ಟಿದ್ದರು. ಅದರ ಮೇಲೊಂದು ಮಲ್ಲಿಗೆಯ ತುಂಡು.

"ನಮ್ಮ ಮನೆಯಲ್ಲೇ ಇಷ್ಟು ವ್ಯವಸ್ಥೆ ಇಲ್ಲ," ಎಂದಳು ಅವಳು. "ಇಲ್ಲಿಗೆ ಬಂದ ಮೇಲೆ ನಾವು ಸ್ವಲ್ಪ ಹೆಚ್ಚೇ ಮುಸಲ್ಮಾನರಾದ ಹಾಗೆ ಕಾಣ್ತದೆ."

ಇಮ್ತಿಯಾಝ್ ನಗಲಿಲ್ಲ. ಅವನು ಮೂಲೆಯ ಸಣ್ಣ ಫ್ರಿಜ್ಜಿನ ಬಾಗಿಲು ತೆರೆದು ನೋಡುತ್ತಿದ್ದ. ಒಳಗೆ ನೀರಿನ ಎರಡು ಬಾಟಲಿ ಬಿಟ್ಟರೆ ಏನೂ ಇರಲಿಲ್ಲ. ಗಾಜಿನ ತಟ್ಟೆಯ ಮೇಲೆ ಬೇರೆ ಬಾಟಲಿಗಳು ನಿಂತಿದ್ದ ಕೆಂಪು ಉಂಗುರಗಳು ಉಳಿದಿದ್ದವು. ಒರೆಸಲು ಮರೆತಿದ್ದರು.

"ಅಶ್ವಿತ್ ಎಷ್ಟು ಯೋಚನೆ ಮಾಡಿದ್ದಾನೆ ನೋಡು," ಎಂದ.

"ಅದನ್ನೇ ನೋಡ್ತಾ ಇದ್ದೇನೆ," ಎಂದಳು ಶಿಫಾನಾ.

ಬೆಳ್ತಂಗಡಿಯಿಂದ ಒಳಕ್ಕೆ, ಘಟ್ಟದ ಬುಡದಲ್ಲಿ, ಹಳೆಯ ರಬ್ಬರ್ ತೋಟವೊಂದನ್ನು ಕಡಿದು ಅಶ್ವಿತ್ ಈ ಎಸ್ಟೇಟ್ ಎಬ್ಬಿಸಿದ್ದ. ದ್ರಾಕ್ಷಿ ಬೆಳೆಯುವ ಊರಲ್ಲ ಇದು. ಅವನ ವೈನ್ ಪುನರ್ಪುಳಿಯದ್ದು, ಘಟ್ಟದ ಬುಡದ ಕೆಂಪು ಹುಳಿಹಣ್ಣಿನದ್ದು. ಗುಡ್ಡದ ಇಳಿಜಾರಿನಲ್ಲಿ ಪುನರ್ಪುಳಿ ಗಿಡಗಳ ಸಾಲು, ನಡುವೆ ಪೀಪಾಯಿಯ ಆಕಾರದ ಕೋಣೆಗಳು, ತುದಿಯಲ್ಲಿ ಹಣ್ಣಿನ ರಸ ಹುದುಗುವ ಕಟ್ಟಡ. ಬೆಂಗಳೂರಿನಿಂದಲೂ ಮಂಗಳೂರಿನಿಂದಲೂ ಜನ ಬಂದು ಒಂದು ರಾತ್ರಿ ಉಳಿದು ಹೋಗುತ್ತಿದ್ದರು. ಹೋಟೆಲಿನ ಗೋಡೆಯಲ್ಲೂ ಬಾಟಲಿಯ ಮೇಲೂ ಒಂದೇ ಚಿತ್ರ: ಅಶ್ವಿತನ ತಾಯಿ ಪ್ರೇಮಾವತಿ, ಕೈಯಲ್ಲಿ ಗಾಜಿನ ಭರಣಿ.

ಇಮ್ತಿಯಾಝನೂ ಅಶ್ವಿತನೂ ಸಿದ್ಧಕಟ್ಟೆಯಲ್ಲಿ ಒಂದೇ ಗದ್ದೆಯ ಆಚೀಚೆ ಬೆಳೆದವರು. ಮೂಡುಬಿದಿರೆಯಲ್ಲಿ ಒಂದೇ ಕಾಲೇಜು, ಶಾರ್ಜಾದಲ್ಲಿ ಒಂದೇ ಕೋಣೆ. ಊರಿನಿಂದ ಯಾರು ಬಂದರೂ ಇಮ್ತಿಯಾಝನ ಉಮ್ಮ ಐಸಮ್ಮ ಪುನರ್ಪುಳಿ ಶರಬತ್ತಿನ ಬಾಟಲಿಯನ್ನು ಬೈರಾಸು ಬಟ್ಟೆಯಲ್ಲಿ ಸುತ್ತಿ ಕಳಿಸುತ್ತಿದ್ದಳು. ಶಾರ್ಜಾದ ಬಿಸಿಲಿನಲ್ಲಿ ಅದನ್ನು ಕುಡಿಯುತ್ತಾ ಇಬ್ಬರೂ ಒಂದು ತೋಟದ ಕನಸು ಕಂಡಿದ್ದರು. ಪುನರ್ಪುಳಿ ಬೆಳೆಸುವುದು, ಜ್ಯೂಸ್ ಮಾಡುವುದು, ಊರಿನಲ್ಲೇ ಇರುವುದು. ವೈನಿನ ಮಾತು ಬಂದದ್ದು ಆಮೇಲೆ. "ಜ್ಯೂಸ್ ಕುಡಿಯುವವ ಕುಡಿದು ಹೋಗ್ತಾನೆ ಮಾರಾಯ. ವೈನ್ ಕುಡಿಯುವವ ರಾತ್ರಿ ಉಳೀತಾನೆ," ಎಂದಿದ್ದ ಅಶ್ವಿತ್. ಇಮ್ತಿಯಾಝ್, "ಹಾಗಾದರೆ ಅದರಲ್ಲಿ ನನ್ನ ಹೆಸರು ಬೇಡ. ಜ್ಯೂಸಿನದ್ದು ಬೇರೆ ಮಾಡುವ. ಅದನ್ನು ನಾನು ನೋಡಿಕೊಳ್ತೇನೆ," ಎಂದಿದ್ದ. ಅಶ್ವಿತ್ ಎದ್ದು ಬಂದು ಅಪ್ಪಿಕೊಂಡಿದ್ದ. ಹೆಸರು ಬೇಡ ಎಂದರೆ ಹೆಸರು ಮಾತ್ರ ಹೋಗುತ್ತದೆ, ತಾನು ಉಳಿಯುತ್ತೇನೆ ಎಂದೇ ಇಮ್ತಿಯಾಝ್ ಆವತ್ತು ನಂಬಿದ್ದ.

ಅಶ್ವಿತ್ ಮೊದಲು ಊರಿಗೆ ಮರಳಿ ಎಸ್ಟೇಟ್ ಮಾಡಿದ, ಇಮ್ತಿಯಾಝ್ ಶಾರ್ಜಾದಲ್ಲೇ ಉಳಿದ. ಹೋದ ತಿಂಗಳು ಅಶ್ವಿತನ ಫೋನ್ ಬಂತು. "ಇನ್ನು ಬಾ. ಜ್ಯೂಸಿನ ಕೆಲಸ ಶುರು ಮಾಡುವ." ಇಮ್ತಿಯಾಝ್ ಇದ್ದ ಕೆಲಸ ಬಿಟ್ಟು, ವೀಸಾ ರದ್ದು ಮಾಡಿಸಿ ಬಂದ. ಬಂದ ಮೇಲೆ ಅಶ್ವಿತನಿಗೆ ಬಿಡುವೇ ಸಿಗಲಿಲ್ಲ. ಇಂದು ನಾಳೆ ಎಂದು ಕೊನೆಗೆ, "ಹೆಂಡತಿಯನ್ನು ಕರಕೊಂಡು ಬಾ, ಒಂದು ರಾತ್ರಿ ನಮ್ಮಲ್ಲೇ ಉಳಿಯಿರಿ. ಬೆಳಿಗ್ಗೆ ಕೂತು ಎಲ್ಲ ಮಾತಾಡುವ," ಎಂದ. ಐಸಮ್ಮ ಅಷ್ಟರಲ್ಲೇ ನೆರೆಕರೆಗೆಲ್ಲ ಮಗನ ಜ್ಯೂಸಿನ ಮಿಷಿನ್ ಬರುವ ಸುದ್ದಿ ಹೇಳಿಬಿಟ್ಟಿದ್ದಳು. ಇವನು ಮೂಡುಬಿದಿರೆಗೆ ಹೋಗಿ ಹೊಸ ಅಂಗಿ ತಂದು, ಚಿಕ್ಕಪ್ಪನ ಮಗ ಅಝೀಮನ ಕಾರು ಎರವಲು ಪಡೆದು, ಶಾಲೆಯ ಮೊದಲ ದಿನಕ್ಕೆ ಹೊರಟ ಹುಡುಗನ ಹಾಗೆ ತಲೆ ಬಾಚಿಕೊಂಡು ಬಂದಿದ್ದ.

ಸಂಜೆ ವೈನಿನ ರುಚಿ ನೋಡುವ ಕಾರ್ಯಕ್ರಮ. ಇಮ್ತಿಯಾಝ್ ಕೋಣೆಯಲ್ಲೇ ಇರುತ್ತೇನೆಂದ. ಅಶ್ವಿತ್ ಬಾಗಿಲಿಗೇ ಬಂದು ನಿಂತ. ಬಿಳಿ ಲಿನನ್ ಅಂಗಿ, ನೆತ್ತಿಯಲ್ಲಿ ಕೂದಲು ತೆಳ್ಳಗಾಗಿತ್ತು. ನಗು ಮಾತ್ರ ಹಳೆಯದೇ.

"ಏನು ಮಾರಾಯ, ಹೊಸ ಮದಿಮಾಳ ಹಾಗೆ ಒಳಗೆ ಕೂತದ್ದು? ಶಿಫಾನಾ, ಇವನನ್ನು ಎಬ್ಬಿಸು. ನಿಮ್ಮಿಬ್ಬರಿಗೆ ಬೇರೆ ಗ್ಲಾಸು, ಬೇರೆ ಟ್ರೇ. ತೊಳೆಯುವ ಬ್ರಷ್ ಕೂಡ ಬೇರೆ! ಅಮ್ಮ ನಿನ್ನನ್ನು ಕೇಳ್ತಾನೇ ಇದ್ದಾರೆ."

ಸಭಾಂಗಣದಲ್ಲಿ ಜನ ಅರ್ಧವೃತ್ತದಲ್ಲಿ ಕೂತಿದ್ದರು. ನಡುವೆ ಎತ್ತರದ ಕುರ್ಚಿಯಲ್ಲಿ ಪ್ರೇಮಾವತಿ. ಕೊಡೆ ಹಿಡಿದುಕೊಂಡು ಗದ್ದೆಯ ಬದುವಿನಲ್ಲಿ ನಡೆಯುತ್ತಿದ್ದ ಹೆಂಗಸಿಗೆ ಜರಿಯ ಸೀರೆ ಉಡಿಸಿ ಕೂರಿಸಿದ್ದರು. ಅವಳು ಇಮ್ತಿಯಾಝನನ್ನು ಕಂಡು ಏಳಲು ಹೋದಳು. ಸೀರೆಯ ಗಂಜಿ ಬಿಡಲಿಲ್ಲ. ಕೈ ಮಾತ್ರ ಎತ್ತಿ, "ಬಾ ಮಗ," ಎಂದವಳು ಏಕೋ ಕೂಡಲೇ ಕಣ್ಣು ಕೆಳಗೆ ಹಾಕಿದಳು.

ಅವಳ ಹಿಂದೆ ಗೋಡೆಯ ಗೂಡಿನಲ್ಲಿ, ಮೇಲಿನಿಂದ ಬೆಳಕು ಬಿಟ್ಟು, ಒಂದು ಗಾಜಿನ ಭರಣಿ ಇಟ್ಟಿದ್ದರು. ಕುತ್ತಿಗೆಯ ಬಳಿ ಚಂದ್ರನ ಎಸಳಿನಂಥ ಸೀಳು. ಇಮ್ತಿಯಾಝ್ ಆ ಸೀಳನ್ನು ಗುರುತಿಸಿದ. ಚಿಕ್ಕಂದಿನಲ್ಲಿ ಅವನೇ ಲಗೋರಿ ಆಡುವಾಗ ಕಲ್ಲು ತಾಗಿಸಿ ಮಾಡಿದ್ದು. ಅಶ್ವಿತನ ಅಕ್ಕನ ಮದುವೆಗೆ ಐಸಮ್ಮ ಶರಬತ್ತು ತುಂಬಿಸಿ ಕೊಟ್ಟ ಭರಣಿ ಅದು, ಮತ್ತೆ ಮನೆಗೆ ಮರಳಿರಲಿಲ್ಲ. ಪಾತ್ರೆಯನ್ನು ಖಾಲಿ ಮರಳಿಸಬಾರದೆಂಬುದು ಅವರ ಮನೆಯ ಕ್ರಮ. "ಪ್ರೇಮಕ್ಕನಿಗೆ ತುಂಬಿಸಲು ಏನೂ ಸಿಗಲಿಲ್ಲ ಕಾಣ್ತದೆ," ಎಂದು ಐಸಮ್ಮ ವರ್ಷಗಟ್ಟಲೆ ತಮಾಷೆ ಮಾಡಿದ್ದಳು.

ಸಾತ್ವಿಕಾ ಎಂಬ ಹುಡುಗಿ ಅತಿಥಿಗಳಿಗೆ ಎಸ್ಟೇಟಿನ ಕಥೆ ಹೇಳುತ್ತಿದ್ದಳು. ಮೂಡುಬಿದಿರೆಯಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದವಳು. ಒಂದು ಶಬ್ದವೂ ತಪ್ಪದಂತೆ ಒಪ್ಪಿಸುತ್ತಿದ್ದಳು.

"ಈ ರುಚಿಯ ಮೂಲ ನಮ್ಮ ಪ್ರೇಮಾವತಿ ಅಜ್ಜಿಯವರ ಅಂಗಳ. ಹಣ್ಣಿನ ಸಿಪ್ಪೆಯನ್ನೂ ಸಕ್ಕರೆಯನ್ನೂ ಪದರ ಪದರವಾಗಿ ತುಂಬಿಸಿ, ಬಾಯಿಗೆ ಬಿಳಿ ಬಟ್ಟೆ ಕಟ್ಟಿ ಬಿಸಿಲಿಗಿಡುತ್ತಿದ್ದರು. ಆಗ ಅವರ ಮನೆಯಲ್ಲಿ ಗಡಿಯಾರ ಇರಲಿಲ್ಲ. ದೇವಸ್ಥಾನದ ಗಂಟೆ ಕೇಳಿದಾಗ ಭರಣಿಯನ್ನು ಅರ್ಧ ಸುತ್ತು ತಿರುಗಿಸುತ್ತಿದ್ದರು. ಮಧ್ಯಾಹ್ನ ಒಮ್ಮೆ, ಬಿಸಿಲು ಇಳಿಯುವ ಮೊದಲು ಇನ್ನೊಮ್ಮೆ. ಆ ಗಂಟೆಯ ನಾದವೇ ನಮ್ಮ ವೈನಿನಲ್ಲಿದೆ."

ಜನ ಮೆಚ್ಚುಗೆಯಿಂದ ಗುನುಗಿದರು. ಇಮ್ತಿಯಾಝ್ ಶರಬತ್ತಿನ ಗ್ಲಾಸನ್ನು ಕೆಳಗಿಟ್ಟ.

ಗಂಟೆಯಲ್ಲ ಅದು, ಬಾಂಗ್. ಸಿದ್ಧಕಟ್ಟೆಯ ಮಸೀದಿಯಿಂದ ಮಧ್ಯಾಹ್ನದ ಲುಹರಿನ ಬಾಂಗ್ ಕೇಳಿದಾಗ ಐಸಮ್ಮ ಭರಣಿ ತಿರುಗಿಸುತ್ತಿದ್ದಳು. ಬಿಸಿಲು ಇಳಿಯುವ ಮೊದಲಿನ ಅಸರಿನ ಬಾಂಗಿಗೆ ಮತ್ತೆ ತಿರುಗಿಸಿ, ತಲೆಯ ಬಟ್ಟೆ ಸರಿಮಾಡಿಕೊಂಡು, ನಮಾಝಿಗೆ ಒಳಗೆ ಹೋಗುತ್ತಿದ್ದಳು. ನೋಂಬಿನ ತಿಂಗಳಲ್ಲಿ ಉಪವಾಸ ಬಿಡುವ ಮೊದಲು ಒಂದು ತಂಬಿಗೆ ಶರಬತ್ತು ಗದ್ದೆ ದಾಟಿ ಪ್ರೇಮಕ್ಕನ ಮನೆಗೆ ಹೋಗುತ್ತಿತ್ತು. ಒಯ್ಯುತ್ತಿದ್ದವನು ಇಮ್ತಿಯಾಝ್. ಬಾಗಿಲಲ್ಲಿ ಲೋಟ ಹಿಡಿದು ಕಾಯುತ್ತಿದ್ದವನು ಅಶ್ವಿತ್.

ಅವನು ಅಶ್ವಿತನ ಕಡೆ ನೋಡಿದ. ಅಶ್ವಿತ್ ಯಾರಿಗೋ ಗ್ಲಾಸು ತುಂಬಿಸುತ್ತಿದ್ದ.

ಅಷ್ಟರಲ್ಲಿ ಮುಂದಿನ ಸಾಲಿನ ಹೆಂಗಸೊಬ್ಬರು ಕೈ ಎತ್ತಿದರು. ಕಾರ್ಕಳದ ಕಡೆಯ ನಿವೃತ್ತ ಟೀಚರು. ಮಾತಿನಲ್ಲಿ ಕುಹಕವಿರಲಿಲ್ಲ, ಬರೀ ಕುತೂಹಲ. "ಒಂದು ಸಂಶಯ ಅಮ್ಮ. ಮಧ್ಯಾಹ್ನದ ಪೂಜೆಗೆ ಗಂಟೆ ಹೌದು. ಅದಾದ ಮೇಲೆ ಬಾಗಿಲು ಹಾಕಿದರೆ ದೇವಸ್ಥಾನ ಮತ್ತೆ ತೆರೆಯುವುದು ಕತ್ತಲಾಗುವಾಗ ಅಲ್ವಾ? ಬಿಸಿಲು ಇಳಿಯುವ ಮೊದಲು ನೀವು ಯಾವ ಗಂಟೆ ಕೇಳ್ತಿದ್ದಿರಿ?"

ಸಾತ್ವಿಕಾ ಒಪ್ಪಿಸಿದ ಪಾಠದಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಅವಳು ಪ್ರೇಮಾವತಿಯ ಕಡೆ ತಿರುಗಿದಳು. ಎಲ್ಲರೂ ತಿರುಗಿದರು. ಪ್ರೇಮಾವತಿಯ ಕೈಗಳು ಮಡಿಲಲ್ಲಿ ಸೆರಗಿನ ತುದಿಯನ್ನು ಸುತ್ತತೊಡಗಿದವು. ಅವಳು ಇಮ್ತಿಯಾಝನನ್ನು ನೋಡಿದಳು. ಅವಳ ತುಟಿ ತೆರೆಯಿತು.

ಅಶ್ವಿತನೂ ನೋಡಿದ. ಸಿಟ್ಟಿನ ನೋಟವಲ್ಲ. ಪರೀಕ್ಷೆಯ ದಿನ ಹಿಂದಿನ ಬೆಂಚಿನಿಂದ ಉತ್ತರ ಕೇಳುತ್ತಿದ್ದಾಗಿನ ನೋಟ.

ಇಮ್ತಿಯಾಝನ ತಲೆಯಲ್ಲಿ ಆ ಕ್ಷಣ ಏನೇನೋ ಹಾದುಹೋಯಿತು. ನಾಳೆ ಬೆಳಿಗ್ಗೆಯ ಮಾತು. ಮಿಷಿನಿಗಾಗಿ ಉಮ್ಮ ಗುಡಿಸಿಟ್ಟ ಹಿಂದಿನ ಚಾವಡಿ. ಹತ್ತಾರು ಜನರ ಎದುರು ತಲೆ ತಗ್ಗಿಸಬೇಕಾದ ಮುದುಕಿ. "ಬಿಸಿಲು ಬಾವಿಕಟ್ಟೆ ಹತ್ತಿದಾಗ," ಎಂದುಬಿಟ್ಟ. ಸ್ವರ ತನ್ನದೇ ಎಂದು ಅವನಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. "ಮಧ್ಯಾಹ್ನ ಗಂಟೆಗೆ. ಆಮೇಲೆ, ಬಿಸಿಲು ಬಾವಿಕಟ್ಟೆಯ ಮೇಲೆ ಬಂದಾಗ. ಪ್ರೇಮಕ್ಕ ಅದನ್ನು ನೋಡಿ ತಿರುಗಿಸುತ್ತಿದ್ದರು."

"ಹೋ, ಹಾಗೋ!" ಎಂದು ಟೀಚರು ನಕ್ಕರು. ಸಭೆಯ ಬಿಗಿ ಸಡಿಲಾಯಿತು.

ಅಶ್ವಿತ್ ಬಂದು ಅವನ ಹೆಗಲ ಮೇಲೆ ಕೈ ಹಾಕಿದ. "ಇವ ಇಮ್ತಿಯಾಝ್. ನಮ್ಮ ನೆರೆಮನೆಯವ. ನಮ್ಮ ಅಮ್ಮನ ಕೈಯ ಶರಬತ್ತು ಕುಡಿದೇ ಬೆಳೆದವ!"

ಜನ ಚಪ್ಪಾಳೆ ತಟ್ಟಿದರು. ಯಾರೋ ಒಬ್ಬ, ಇಂಥ ಸೌಹಾರ್ದ ಈಗೆಲ್ಲಿ ಸಿಗುತ್ತದೆ ಎಂದ. ಇನ್ನೊಬ್ಬ ಮೂವರನ್ನೂ ನಿಲ್ಲಿಸಿ ಫೋಟೋ ತೆಗೆದ. ಪ್ರೇಮಾವತಿಯ ಬಾಯಿ ಅಷ್ಟರಲ್ಲಿ ಮುಚ್ಚಿಕೊಂಡಿತ್ತು.

ಕೋಣೆಗೆ ಮರಳಿದ ಮೇಲೆ ಶಿಫಾನಾ ಕಿವಿಯ ಓಲೆ ಬಿಚ್ಚಿ ಮೇಜಿನ ಮೇಲಿಟ್ಟಳು. ಸದ್ದಾಗುವಂತೆಯೇ ಇಟ್ಟಳು.

"ಪ್ರೇಮಕ್ಕನ ಮುಖ ನೋಡಿದೆಯಲ್ಲ," ಎಂದ ಅವನು, ಅವಳು ಕೇಳುವ ಮೊದಲೇ.

"ನಾನು ನಿಮ್ಮ ಮುಖ ನೋಡಿದೆ."

"ನಿಜ ಹೇಳಿ ಏನು ಮಾಡುವುದು? ಇದು ನನ್ನ ಉಮ್ಮನದ್ದು ಅಂತ ಹೇಳಬೇಕಿತ್ತಾ? ಯಾವುದನ್ನು? ಹೆಂಡವನ್ನಾ? ಐದು ಹೊತ್ತು ತಪ್ಪಿಸದ ಹೆಂಗಸಿನ ಹೆಸರನ್ನು ಆ ಬಾಟಲಿಯ ಮೇಲೆ ಹಾಕು ಅಂತ ಹೇಳಲಾ?"

"ಬಾಟಲಿಯ ಮೇಲೆ ಬೇಡ," ಎಂದಳು ಶಿಫಾನಾ. "ನಿಮ್ಮ ಬಾಯಲ್ಲಿ ಬಂದಿದ್ದರೆ ಸಾಕಿತ್ತು."

ಅವನು ಚಾಪೆ ಬಿಡಿಸಿ ಬಾಣ ತೋರಿಸಿದ ಕಡೆಗೆ ಮುಖ ಮಾಡಿ ನಿಂತ. ಹಣೆ ಊರಿದಾಗ ನೂಲಿನ ಹೊಸ ವಾಸನೆ ಮೂಗಿಗೆ ಬಡಿಯಿತು. ಏನು ಓದುತ್ತಿದ್ದೇನೆಂಬುದು ನಡುವೆಯೇ ಮರೆತುಹೋಗಿ ಮತ್ತೆ ಮೊದಲಿನಿಂದ ಶುರುಮಾಡಿದ.

ಬೆಳಿಗ್ಗೆ ಹೊರಗೆ ಬಂದಾಗ ಪ್ರೇಮಾವತಿ ಪುನರ್ಪುಳಿಯ ಸಾಲಿನ ನಡುವೆ ಒಬ್ಬಳೇ ನಿಂತಿದ್ದಳು. ಹಳೆಯ ಹತ್ತಿಯ ಸೀರೆ, ಬರಿಗಾಲು. ಉದುರಿದ ಹಣ್ಣನ್ನು ಸೆರಗಿಗೆ ಹಾಕಿಕೊಳ್ಳುತ್ತಿದ್ದಳು. ಈಗ ಅವಳು ಗುರುತು ಸಿಗುವಂತಿದ್ದಳು.

"ಐಸು ಹೇಗಿದ್ದಾಳೆ?" ಎಂದಳು.

"ಮಂಡಿನೋವು. ಬೇರೇನಿಲ್ಲ."

"ಈ ವರ್ಷ ಭರಣಿ ಇಟ್ಟಿದ್ದಾಳಾ?"

"ಇಟ್ಟಿದ್ದಾರೆ."

ಅವಳು ತಲೆಯಾಡಿಸಿ ಇನ್ನೆರಡು ಹಣ್ಣು ಹೆಕ್ಕಿದಳು. ಆಮೇಲೆ ಅವನ ಮುಖ ನೋಡದೆಯೇ, "ನೀನು ಯಾಕೆ ಮಗ ನಡುವೆ ಬಾಯಿ ಹಾಕಿದೆ?" ಎಂದಳು.

"ನೀವು ಸಿಕ್ಕಿಬಿದ್ದ ಹಾಗೆ ಕಂಡಿತು, ಪ್ರೇಮಕ್ಕ."

"ಸಿಕ್ಕಿಬಿದ್ದದ್ದಲ್ಲ ಅದು. ಬಿಡಿಸಿಕೊಳ್ಳಲು ಹೊರಟಿದ್ದೆ. ದಿನಾ ಸಂಜೆ ಅಲ್ಲಿ ಕೂರಿಸ್ತಾನೆ. ದಿನಾ ಗಂಟೆ ಗಂಟೆ ಅಂತ ಕೇಳಿ ಕೇಳಿ ನನಗೇ ಗಂಟೆ ಕೇಳಿದ ಹಾಗಾಗ್ತದೆ. ಸರಿಯಾದ ಪ್ರಶ್ನೆಯನ್ನು ನಿನ್ನೆಯವರೆಗೆ ಯಾರೂ ಕೇಳಿರಲಿಲ್ಲ." ಅವಳ ಸ್ವರ ನಡುಗಲಿಲ್ಲ. ಅದೇ ಅವನಿಗೆ ಕಷ್ಟವಾಯಿತು. "ನಿನ್ನನ್ನು ನೋಡಿದೆ. ಧೈರ್ಯ ಬಂತು. ಬಾಯಿ ತೆರೆದಿದ್ದೆ. ಅಷ್ಟರಲ್ಲಿ ನೀನೇ ಮುಚ್ಚಿದೆ."

"ನಾಳೆ ಹೇಳಬಹುದಲ್ಲ," ಎಂದ ಅವನು. ಹೇಳಿದ ಮೇಲೆ ಆ ಮಾತಿನ ಹಗುರ ಅವನಿಗೇ ನಾಚಿಕೆ ತಂದಿತು.

"ಇನ್ನು ಹೇಗೆ ಹೇಳುವುದು? ಐಸುವಿನ ಮಗನೇ ಬಂದು ಹೌದು ಅಂತ ಹೇಳಿ ಹೋಗಿದ್ದಾನೆ. ಫೋಟೋ ಕೂಡ ಉಂಟು." ಅವಳು ಸೆರಗಿನ ಹಣ್ಣುಗಳನ್ನು ಒಮ್ಮೆ ನೋಡಿ, ಎಲ್ಲವನ್ನೂ ಮತ್ತೆ ಮರದ ಬುಡಕ್ಕೇ ಸುರಿದು ಒಳಗೆ ಹೋದಳು.

ಅಶ್ವಿತ್ ತಿಂಡಿಯ ಮೇಜಿನಲ್ಲಿ ಕಾಯುತ್ತಿದ್ದ. ನೀರುದೋಸೆ, ಕೋಳಿ ಸಾರು. "ಹಲಾಲ್. ಬೆಳ್ತಂಗಡಿಯಿಂದ ನಾನೇ ತರಿಸಿದ್ದು," ಎಂದು ತಾನೇ ಬಡಿಸಿದ. ಶಿಫಾನಾ ದೋಸೆಯನ್ನು ಚೂರು ಮಾಡುತ್ತಾ ಕೂತಳು, ಬಾಯಿಗಿಡಲಿಲ್ಲ. ಇಮ್ತಿಯಾಝನಿಗೆ ಪೀಠಿಕೆ ಹಾಕಲು ಬಾರದು. "ಜ್ಯೂಸಿನದ್ದು?" ಎಂದ.

"ಅದನ್ನೇ ಹೇಳಬೇಕು ಅಂತಿದ್ದೆ." ಅಶ್ವಿತ್ ಕೈ ಒರೆಸಿಕೊಂಡ. "ನೋಡು ಇಮ್ತಿ, ಬೇಸರ ಮಾಡಬೇಡ. ಇಲ್ಲಿ ಆಗುವುದಿಲ್ಲ. ಇಲ್ಲಿಯ ಗಾಳಿಯಲ್ಲೇ ಹುಳಿ ಸೇರಿದೆ. ಎರಡೇ ದಿನಕ್ಕೆ ಜ್ಯೂಸ್ ಕೂಡ ಹುದುಗ್ತದೆ. ಇನ್ನು ಬೇರೆ ಜಾಗ, ಬೇರೆ ಮಿಷಿನ್ ಅಂದರೆ ಈಗ ನನ್ನಿಂದ ಸಾಧ್ಯವಿಲ್ಲ. ಹೋದ ವಾರ ಗಟ್ಟಿಯಾಯಿತು."

"ಹೋದ ವಾರ," ಎಂದ ಇಮ್ತಿಯಾಝ್.

"ಫೋನಿನಲ್ಲಿ ಹೇಳುವ ವಿಷಯವಾ ಇದು? ಅದಕ್ಕೇ ಕರೆಸಿದ್ದು. ಎದುರು ಕೂರಿಸಿ, ಮರ್ಯಾದೆಯಿಂದ ಹೇಳುವ ಅಂತ." ಅವನ ಕಣ್ಣಿನಲ್ಲಿ ನೀರು ಬಂದಿತ್ತು. ಸುಳ್ಳು ನೀರಲ್ಲ ಅದು. "ನಿನ್ನನ್ನು ಬಿಡುವುದಿಲ್ಲ ನಾನು. ಸಿದ್ಧಕಟ್ಟೆ ಸುತ್ತಿನಲ್ಲಿ ಹಣ್ಣು ಎತ್ತಿ ಸಿಪ್ಪೆ ಒಣಗಿಸಿ ಇಲ್ಲಿಗೆ ಕಳಿಸುವ ಕೆಲಸ ನಿನಗೇ. ಅದರಲ್ಲಿ ಹರಾಮ್ ಏನೂ ಇಲ್ಲವಲ್ಲ? ಹಣ್ಣು ಹಣ್ಣೇ."

"ನಿನ್ನ ವೈನಿಗೆ."

"ನನ್ನ ವೈನಿಗೆ. ಅದರಲ್ಲಿ ಹೆಸರು ಬೇಡ ಅಂದದ್ದು ನೀನೇ ಅಲ್ವಾ ಮಾರಾಯ?"

ಇಮ್ತಿಯಾಝ್ ತಟ್ಟೆಯ ಅಂಚಿನಲ್ಲಿ ಬೆರಳಿಟ್ಟುಕೊಂಡು ಕೂತ. ಕೊನೆಗೆ, "ಬಾಂಗನ್ನು ಗಂಟೆ ಮಾಡಿದ್ದು ಯಾಕೆ?" ಎಂದು ಕೇಳಿದ.

ಅಶ್ವಿತ್ ಧ್ವನಿ ತಗ್ಗಿಸಿದ. "ಮತ್ತೆ ಏನು ಬರೆಯಲಿ? ವೈನಿನ ಕಥೆಯಲ್ಲಿ ಬಾಂಗ್ ಅಂತ ಹಾಕಿದರೆ ನಿಮ್ಮವರು ಬಿಡ್ತಾರಾ? ನಮ್ಮವರು ಬಿಡ್ತಾರಾ? ಐಸಮ್ಮನ ಹೆಸರು ಹಾಕಿದ್ದರೆ ನಾಳೆ ಮಸೀದಿಯಲ್ಲಿ ನಿಂತು ಉತ್ತರ ಕೊಡಬೇಕಾದವ ನೀನು. ನಿನ್ನನ್ನು ಕಾಪಾಡಿದ್ದೇ ನಾನು."

ಒಂದು ಮಾತನ್ನೂ ಅಲ್ಲಗಳೆಯುವ ಹಾಗಿರಲಿಲ್ಲ. ಬಾಯಲ್ಲಿಟ್ಟ ಬಿಸಿ ತುತ್ತು ಉಗುಳಲೂ ಆಗದ, ನುಂಗಲೂ ಆಗದ ಸ್ಥಿತಿ. ಬಯ್ಯೋಣವೆಂದರೆ ಅವನು ತಪ್ಪು ಮಾಡಿದವನ ಹಾಗೆ ಕೂತಿರಲಿಲ್ಲ, ಉಪಕಾರ ಮಾಡಿದವನ ಹಾಗೆ ಕೂತಿದ್ದ. ಆ ಹಸಿರು ಬಾಣವನ್ನು ಅವನೇ ಏಣಿ ಹತ್ತಿ ಅಂಟಿಸಿದ್ದಿರಬೇಕು ಎಂದು ಇಮ್ತಿಯಾಝನಿಗೆ ತಟ್ಟನೆ ಅನ್ನಿಸಿತು. ಅದೂ ಪ್ರೀತಿಯಿಂದಲೇ.

"ಸಿಪ್ಪೆಯ ವಿಷಯ ಯೋಚನೆ ಮಾಡಿ ಹೇಳು," ಎಂದ ಅಶ್ವಿತ್.

"ಯೋಚನೆ ಮಾಡುವುದು ಏನೂ ಇಲ್ಲ," ಎಂದು ಶಿಫಾನಾ ಎದ್ದಳು. "ಕೋಳಿ ಸಾರು ಚೆನ್ನಾಗಿತ್ತು."

ಹೊರಡುವಾಗ ಎಲ್ಲ ಅತಿಥಿಗಳಿಗೂ ಒಂದೊಂದು ಉಡುಗೊರೆಯ ಚೀಲ. ಇವರದ್ದರಲ್ಲಿ ಶರಬತ್ತಿನ ಬಾಟಲಿ, ಮೇಲೆ ಪ್ರೇಮಾವತಿಯ ಚಿತ್ರ. ಕೊಡುವಾಗ ಸಾತ್ವಿಕಾ, "ನಿನ್ನೆ ನೀವು ಹೇಳಿದ್ದು ಒಳ್ಳೆಯದಾಯಿತು ಸರ್. ಬಾವಿಕಟ್ಟೆಯದ್ದನ್ನು ಇನ್ನು ಮುಂದೆ ಸೇರಿಸಿಕೊಂಡೇ ಹೇಳ್ತೇನೆ," ಎಂದಳು. ಶಿಫಾನಾ ಚೀಲವನ್ನು ಕಾರಿನ ಹೊರಗೇ ಬಿಡುವವಳಿದ್ದಳು. ಇಮ್ತಿಯಾಝ್ ಸುಮ್ಮನೆ ಅದನ್ನೆತ್ತಿ ಹಿಂದಿನ ಸೀಟಿನಲ್ಲಿಟ್ಟ.

ದಾರಿಯಲ್ಲಿ ಊಟಕ್ಕೆ ನಿಂತು ಮನೆ ಮುಟ್ಟುವಾಗ ಬಿಸಿಲು ವಾಲತೊಡಗಿತ್ತು. ಐಸಮ್ಮ ಅಂಗಳದ ಮೋಟುಗೋಡೆಯ ಮೇಲೆ ಕೂತಿದ್ದಳು, ಪಕ್ಕದಲ್ಲಿ ಸಾಲಾಗಿ ಭರಣಿಗಳು. ಹಿಂದಿನ ಚಾವಡಿಯ ಬಾಗಿಲು ಹಾರುಹೊಡೆದಿತ್ತು. ಒಳಗೆ ನೆಲಕ್ಕೆ ಸಗಣಿ ಸಾರಿಸಿ, ಮಿಷಿನ್ ನಿಲ್ಲುವ ಜಾಗವನ್ನು ಸುಣ್ಣದಲ್ಲಿ ಚೌಕ ಎಳೆದಿದ್ದಳು.

ಚೀಲದಲ್ಲಿ ಏನೆಂದು ಅವಳೇ ತೆಗೆದು ನೋಡಿದಳು. ಕನ್ನಡಕವಿಲ್ಲದೆ ಬಾಟಲಿಯನ್ನು ದೂರಕ್ಕೆ ಹಿಡಿದು, ಹತ್ತಿರಕ್ಕೆ ಹಿಡಿದು, "ಅಲ್ಲಾ! ಪ್ರೇಮಕ್ಕನ ಫೋಟೋ!" ಎಂದು ನಕ್ಕಳು. ಲೋಟಕ್ಕೆ ಸ್ವಲ್ಪ ಬಗ್ಗಿಸಿ, ನೀರು ಬೆರೆಸಿ, ಕಣ್ಣು ಮುಚ್ಚಿ ಕುಡಿದಳು. ಇನ್ನೊಂದು ಗುಟುಕು ಕುಡಿದಳು. ಇಮ್ತಿಯಾಝ್ ಅವಳ ಮುಖವನ್ನೇ ನೋಡಿದ. ಉಮ್ಮನಿಗೆ ತನ್ನ ಕೈಯ ಗುರುತು ಸಿಗದೆ ಇರುತ್ತದೆಯೆ?

"ಕಲಿತುಬಿಟ್ಟಳಲ್ಲ!" ಎಂದಳು ಐಸಮ್ಮ. ಮುಖವೆಲ್ಲ ಬೆಳಕು. "ಎಷ್ಟು ಸಲ ಹೇಳಿಕೊಟ್ಟಿದ್ದೆ ಅವಳಿಗೆ. ಬಾಂಗ್ ಕೇಳುವಾಗ ತಿರುಗಿಸು ಪ್ರೇಮಕ್ಕ ಅಂತ. ಗಾಳಿ ಆಚೆ ಬೀಸಿದರೆ ನಮ್ಮ ಮನೆಗೆ ಕೇಳುವುದಿಲ್ಲ ಐಸು ಅಂತ ನೆವ ಹೇಳ್ತಿದ್ದಳು. ಈಗ ನೋಡು, ಸಮ ನನ್ನದೇ ಹಾಗೆ! ಫೋನ್ ಮಾಡಿ ಕೊಡು ಮಗ. ಅವಳಿಗೆ ಒಂದು ಮಾತು ಹೇಳಬೇಕು. ಮತ್ತೆ ನಿನ್ನ ಮಿಷಿನ್ ಎಂದು ಬರ್ತದೆ ಅಂತಾನೂ ಅವಳ ಹತ್ತಿರವೇ ಕೇಳ್ತೇನೆ."

ಶಿಫಾನಾ ಬಾಗಿಲಲ್ಲಿ ನಿಂತು ಗಂಡನನ್ನೇ ನೋಡುತ್ತಿದ್ದಳು.

ಮಸೀದಿಯ ಮೈಕು ಒಮ್ಮೆ ಕೆಮ್ಮಿ ಅಸರಿನ ಬಾಂಗ್ ಎದ್ದಿತು. ಐಸಮ್ಮ ಲೋಟ ಕೆಳಗಿಟ್ಟು, ಮಂಡಿ ಒತ್ತಿಕೊಂಡು ಎದ್ದು, ಮೊದಲ ಭರಣಿಯನ್ನು ಎರಡೂ ಕೈಯಲ್ಲಿ ಹಿಡಿದು ಅರ್ಧ ಸುತ್ತು ತಿರುಗಿಸಿದಳು. ಆಮೇಲೆ ಎರಡನೆಯದನ್ನು. ಬಿಸಿಲು ಆಗ ತಾನೇ ಬಾವಿಕಟ್ಟೆಯನ್ನು ಹತ್ತುತ್ತಿತ್ತು. ಅದನ್ನು ಅವಳು ನೋಡಲೂ ಇಲ್ಲ.

"ಫೋನ್ ಮಾಡಿದೆಯಾ?" ಎಂದಳು, ತಿರುಗದೆ.

ಇಮ್ತಿಯಾಝನ ಕೈಯಲ್ಲಿ ಫೋನಿತ್ತು. ಪ್ರೇಮಕ್ಕನ ನಂಬರಿನ ಮೇಲೆ ಹೆಬ್ಬೆರಳಿತ್ತು.

"ರೇಂಜ್ ಇಲ್ಲ ಉಮ್ಮ," ಎಂದ.